ಏಳು ಸಾವಿರದ ನೂರ ಐವತ್ತಮೂರೂವರೆ ಕೋಟಿ

ನಮ್ಮೂರಿನ ಮಕ್ಕಳಿಗೆ ನೂರರವರೆಗೆ ತಪ್ಪಿಲ್ಲದೆ ಎಣಿಸಲು ಬರುವ ಮೊದಲೇ ನೂರ ಎಂಬತ್ತಾರು ಗೊತ್ತಿರುತ್ತದೆ. ಲಕ್ಕವಳ್ಳಿಯ ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ. ಜೂನ್ ಕಳೆದು ಜುಲೈ ಬಂತೆಂದರೆ ಟೀ ಅಂಗಡಿಯಲ್ಲಿ, ತರೀಕೆರೆ ಬಸ್ಸಿನಲ್ಲಿ, ಹಾಲಿನ ಡೇರಿಯ ಸಾಲಿನಲ್ಲಿ ಇದೇ ಮಾತು. ನೂರ ಅರವತ್ತೆರಡಾಯ್ತಂತೆ, ನೂರ ಎಪ್ಪತ್ತೊಂದಂತೆ, ಇನ್ನು ಹದಿನೈದು ಅಷ್ಟೇ. ಯಾರೂ 'ಅಡಿ' ಎಂದು ಸೇರಿಸುವುದಿಲ್ಲ, 'ನೀರು' ಎಂದೂ ಹೇಳುವುದಿಲ್ಲ. ಹೊಸಬರಿಗೆ ಇದು ಯಾರೋ ಕಾಯಿಲೆಯವರ ಬಿಪಿ ಲೆಕ್ಕದಂತೆ ಕೇಳಿಸಬಹುದು. ಒಂದು ರೀತಿಯಲ್ಲಿ ಹೌದು ಕೂಡ.

ಊರಿಗೆ ಇನ್ನೊಂದು ಸಂಖ್ಯೆಯೂ ಇದೆ. ಅದು ಬಾಯಲ್ಲಿ ಅಷ್ಟಾಗಿ ಓಡಾಡುವುದಿಲ್ಲ, ಪತ್ರಿಕೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ: 71.535 ಟಿಎಂಸಿ. ಜಲಾಶಯ ತುಂಬಿದಾಗ ಹಿಡಿಯುವ ಒಟ್ಟು ನೀರು. ಟಿಎಂಸಿ ಎಂದರೆ ಸಾವಿರ ದಶಲಕ್ಷ ಘನ ಅಡಿ, ನಮ್ಮ ಲೆಕ್ಕದಲ್ಲಿ ನೂರು ಕೋಟಿ ಘನ ಅಡಿ. ಬಿಂದು ತೆಗೆದು ಪೂರ್ತಿ ಬರೆದರೆ 71,53,50,00,000. ಏಳು ಸಾವಿರದ ನೂರ ಐವತ್ತಮೂರೂವರೆ ಕೋಟಿ. ಹೀಗೆ ಬಿಡಿಸಿ ಬರೆದಾಗ ಅದು ಅಳತೆಯಂತೆ ಕಾಣುವುದಿಲ್ಲ. ಒಂದು ದೊಡ್ಡ ಪೂರ್ಣಾಂಕದಂತೆ ಕಾಣುತ್ತದೆ. ನನ್ನ ಕೆಲಸ ಪೂರ್ಣಾಂಕಗಳ ಜೊತೆಗೇ.

ಆ ಕೆಲಸದ ಹೆಸರು ಹೇಳುವುದೇ ಒಂದು ಕಷ್ಟ. ನಾನು ಪಿಎಚ್‌ಡಿ ಮಾಡುತ್ತಿರುವುದು ಸಂಖ್ಯಾ ಸಿದ್ಧಾಂತದಲ್ಲಿ. ಕೇಳಿದವರು ಅದನ್ನು ಸಂಖ್ಯಾಶಾಸ್ತ್ರ ಮಾಡಿಕೊಳ್ಳುತ್ತಾರೆ. ಕನ್ನಡದಲ್ಲಿ ಸಂಖ್ಯಾಶಾಸ್ತ್ರ ಎಂದರೆ ಕಾಲೇಜಿನಲ್ಲಿ ಸರಾಸರಿ ತೆಗೆಯುವ ಶಾಸ್ತ್ರ, ಟೀವಿಯಲ್ಲಿ ಬೆಳಿಗ್ಗೆ ಹೆಸರಿಗೆ ಒಂದು ಅಕ್ಷರ ಹೆಚ್ಚಿಸಿಕೊಳ್ಳಿ ಎನ್ನುವ ಶಾಸ್ತ್ರ. ಎರಡೂ ನನ್ನದಲ್ಲ. ಆದರೂ ಹೊಸ ಬೈಕು ತೆಗೆದುಕೊಂಡ ಬಂಧುಗಳು ನಂಬರ್ ಹೇಳಿ ನನ್ನ ಮುಖ ನೋಡುತ್ತಾರೆ. ನನ್ನ ಸೋದರಮಾವನೂ ಹಾಗೆಯೇ ಒಂದು ಸಲ ಫೋನಿನಲ್ಲಿ ಕೇಳಿದರು. "ಅಲ್ಲವ್ವ, ಇಷ್ಟು ವರ್ಷ ನಂಬರ್ ಓದ್ತಿದೀಯಲ್ಲ, ಈ ಡ್ಯಾಮಿನ ನಂಬರು ಒಳ್ಳೇದೋ ಕೆಟ್ಟದ್ದೋ?"

ಮಾವನ ಊರು ಮಲೇಬೆನ್ನೂರಿನ ಆಚೆ, ಭದ್ರಾ ಬಲದಂಡೆ ನಾಲೆಯ ಕೊನೆ ಭಾಗ. ಕೊನೆ ಭಾಗ ಎನ್ನುವುದು ನಾಲೆಯ ಸೀಮೆಯಲ್ಲಿ ಒಂದು ಸ್ಥಳ ಮಾತ್ರವಲ್ಲ, ಅದೊಂದು ಜಾತಿ. ನೀರು ಬಿಟ್ಟಾಗ ಕೊನೆಗೆ ಬರುವುದು, ನಿಲ್ಲಿಸಿದಾಗ ಮೊದಲು ಒಣಗುವುದು. ನಾವು ಲಕ್ಕವಳ್ಳಿಯಲ್ಲಿ ಕಟ್ಟೆಯ ಪಕ್ಕದಲ್ಲೇ ಇದ್ದೇವೆಂಬ ಕಾರಣಕ್ಕೆ ಮಾವ ನಮ್ಮನ್ನು ನೀರಿನ ಮಾಲೀಕರಂತೆ ನೋಡುತ್ತಾರೆ. ಪತ್ರಿಕೆಯಲ್ಲಿ ಬಂದದ್ದನ್ನೇ ನಾವು ಓದಿ ಹೇಳುವುದು ಅವರಿಗೂ ಗೊತ್ತು. ಆದರೂ "ಎಷ್ಟಾತವ್ವ?" ಎಂದು ನಮ್ಮ ಬಾಯಿಂದ ಕೇಳಿದರೇ ಸಮಾಧಾನ. ನನ್ನ ಎಂಎಸ್‌ಸಿಯ ಎರಡು ವರ್ಷದ ಹಾಸ್ಟೆಲ್ ಖರ್ಚು ಅವರ ಬೇಸಿಗೆ ಭತ್ತದಿಂದ ಬಂದದ್ದು. ಹಾಗಾಗಿ ಆ ಪ್ರಶ್ನೆಯನ್ನು ಬೈಕಿನ ನಂಬರಿನ ಪ್ರಶ್ನೆಯಂತೆ ನಕ್ಕು ಬಿಡಲು ಆಗಲಿಲ್ಲ.

ಸಂಖ್ಯೆಗಳನ್ನು ಒಳ್ಳೆಯದು, ಕೆಟ್ಟದ್ದು ಎಂದು ವಿಂಗಡಿಸುವ ಚಾಳಿ ನನ್ನ ವಿಷಯಕ್ಕೂ ಇಲ್ಲದಿಲ್ಲ. ಸುಮಾರು ಕ್ರಿ.ಶ. 100ರ ಹೊತ್ತಿಗೆ ನಿಕೊಮಾಕಸ್ ಎಂಬ ಗ್ರೀಕ್ ಗಣಿತಜ್ಞ ಪೂರ್ಣಾಂಕಗಳನ್ನು ಮೂರು ಗುಂಪು ಮಾಡಿದ. ಒಂದು ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ, ಅದಕ್ಕಿಂತ ಚಿಕ್ಕದಾದ ಎಲ್ಲ ಸಂಖ್ಯೆಗಳನ್ನು ಕೂಡಿಸಿ. ಮೊತ್ತ ಸರಿಯಾಗಿ ಅದೇ ಸಂಖ್ಯೆ ಬಂದರೆ ಅದು ಪರಿಪೂರ್ಣ. 6ರ ಭಾಜಕಗಳು 1, 2, 3, ಕೂಡಿದರೆ 6. 28 ಕೂಡ ಹಾಗೆಯೇ, ಆಮೇಲೆ 496, 8128. ಮೊತ್ತ ಕಡಿಮೆ ಬಿದ್ದರೆ ನ್ಯೂನ ಸಂಖ್ಯೆ, ಹೆಚ್ಚಾದರೆ ಸಮೃದ್ಧ ಸಂಖ್ಯೆ. ನಿಕೊಮಾಕಸನಿಗೆ ಸಮೃದ್ಧ ಸಂಖ್ಯೆಗಳ ಮೇಲೆ ಪ್ರೀತಿಯಿರಲಿಲ್ಲ. ಅಂಗಗಳು ಅತಿಯಾಗಿ ಬೆಳೆದ ಪ್ರಾಣಿಗಳಿಗೆ ಅವುಗಳನ್ನು ಹೋಲಿಸಿದ. ಮಳೆಗಾಗಿ ಆಕಾಶ ನೋಡುವವನಾಗಿದ್ದರೆ ಸಮೃದ್ಧಿಯನ್ನು ಹಾಗೆ ಬೈಯುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ಡ್ಯಾಮಿನ ಸಂಖ್ಯೆಯನ್ನು ಅಪವರ್ತಿಸುವುದು ಸುಲಭ, ಏಕೆಂದರೆ ಹಿಂದೆ ಆರು ಸೊನ್ನೆಗಳಿವೆ. ಸೊನ್ನೆಗಳು ಎರಡು ಮತ್ತು ಐದನ್ನು ಬಿಟ್ಟುಕೊಡುತ್ತವೆ. ಉಳಿದ 71,535 ಐದರಿಂದ ಹೋಗುತ್ತದೆ, ಮೂರರಿಂದ ಹೋಗುತ್ತದೆ, ಆಗ ಉಳಿಯುವ 4,769ಕ್ಕೆ ಸ್ವಲ್ಪ ಹೊತ್ತು ಕೂರಬೇಕು. ಅದು 19 ಗುಣಿಸು 251. ಇವೆರಡೂ ಅವಿಭಾಜ್ಯ. ಒಟ್ಟಿನಲ್ಲಿ ಆರು ಎರಡು, ಒಂದು ಮೂರು, ಏಳು ಐದು, ಒಂದು ಹತ್ತೊಂಬತ್ತು, ಒಂದು ಇನ್ನೂರ ಐವತ್ತೊಂದು. ಇಷ್ಟನ್ನು ಗುಣಿಸಿದರೆ ಭದ್ರಾ ಜಲಾಶಯ ತುಂಬುತ್ತದೆ. ಭಾಜಕಗಳ ಸಂಖ್ಯೆಯೂ ಇದರಿಂದಲೇ ತಿಳಿಯುತ್ತದೆ. ಎರಡನ್ನು ಸೊನ್ನೆಯಿಂದ ಆರು ಸಲ, ಅಂದರೆ ಏಳು ಬಗೆಯಲ್ಲಿ ಆರಿಸಬಹುದು, ಐದನ್ನು ಎಂಟು ಬಗೆಯಲ್ಲಿ, ಮಿಕ್ಕ ಮೂರನ್ನು ತಲಾ ಎರಡು ಬಗೆಯಲ್ಲಿ. ಒಟ್ಟು 448 ಭಾಜಕಗಳು. ತನ್ನನ್ನು ಬಿಟ್ಟು ಮಿಕ್ಕವನ್ನು ಕೂಡಿಸಿದರೆ 1,78,49,56,09,920 ಬರುತ್ತದೆ, ಹೆಚ್ಚುಕಡಿಮೆ ಮೂಲದ ಎರಡೂವರೆ ಪಟ್ಟು. ಅನುಮಾನವೇ ಇಲ್ಲ, ಸಮೃದ್ಧ ಸಂಖ್ಯೆ.

ಮಾವನಿಗೆ ಇಷ್ಟನ್ನು ಹೇಳಬೇಕಾಗಿರಲಿಲ್ಲ. ಅವರು ಮುಂದಿನ ಸಲ ಮನೆಗೆ ಬಂದಾಗ ಚಿಕ್ಕ ದಾರಿ ಹಿಡಿದೆ. ಆರಕ್ಕಿಂತ ದೊಡ್ಡದಾದ, ಆರರಿಂದ ಭಾಗವಾಗುವ ಯಾವ ಸಂಖ್ಯೆಯೂ ಸಮೃದ್ಧವೇ. ಅದನ್ನು ತೋರಿಸಲು ಪೆನ್ನು ಬೇಡ. ಅದರ ಅರ್ಧ ಒಂದು ಭಾಜಕ, ಮೂರನೆಯ ಒಂದು ಪಾಲು ಒಂದು ಭಾಜಕ, ಆರನೆಯ ಒಂದು ಪಾಲು ಇನ್ನೊಂದು. ಅರ್ಧ, ಮೂರನೆಯ ಪಾಲು, ಆರನೆಯ ಪಾಲು ಸೇರಿದರೆ ಪೂರ್ತಿ ಆಯಿತು. ಇಷ್ಟಾದ ಮೇಲೂ ಒಂದು ಎಂಬ ಭಾಜಕ ಬಾಕಿ ಇದೆ. ಅಷ್ಟು ಹೆಚ್ಚಾದರೂ ಸಾಕು, ಸಮೃದ್ಧ.

ಮಾವ ಹೊಲ ಪಾಲು ಮಾಡಿದವರು, ಅಣ್ಣತಮ್ಮಂದಿರ ಪಂಚಾಯ್ತಿ ಕೂತವರು. ಪಾಲಿನ ಮಾತು ಅವರಿಗೆ ನನಗಿಂತ ಬೇಗ ಅರ್ಥವಾಗುತ್ತದೆ. ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿಸಿಕೊಂಡರು. ಆಮೇಲೆ, "ಅರ್ಧ ಮೇಲ್ಗಡೆಯೋರಿಗೆ. ಮೂರನೇ ಪಾಲು ನಡುವಿನೋರಿಗೆ. ಆರನೇ ಪಾಲು ಇನ್ಯಾರಿಗೋ. ಅಲ್ಲಿಗೆ ನೀರು ಪೂರಾ ಮುಗೀತು. ಮ್ಯಾಲೆ ಒಂದು ಘನ ಅಡಿ ಉಳೀತಲ್ಲ, ಅದು ಕೊನೇ ಭಾಗದೋರಿಗೆ" ಅಂದರು. ಒಂದು ಘನ ಅಡಿ ಎಂದರೆ ಇಪ್ಪತ್ತೆಂಟು ಲೀಟರಿನ ಸುತ್ತ, ಎರಡು ಕೊಡ. ಅಮ್ಮ ಒಳಗಿನಿಂದ ನಕ್ಕರು. ನಾನು ಇಷ್ಟು ವರ್ಷ ಈ ಸಾಧನೆಯನ್ನು ನೋಡಿದ್ದೇನೆ, ಬರೆದಿದ್ದೇನೆ, ಪದವಿ ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದೇನೆ. ಆ 'ಒಂದು' ಯಾರದ್ದು ಎಂದು ಯಾರೂ ಕೇಳಿರಲಿಲ್ಲ.

ಅವರು ಹೋದ ಮೇಲೆ ನನಗೆ ಬೇರೆಯದೇ ಚಿಂತೆ ಹತ್ತಿತು. ನೀರಾವರಿಯವರು ಕೆಲವೊಮ್ಮೆ ಘನ ಅಡಿಯ ಬದಲು ದಶಲಕ್ಷ ಘನ ಅಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಹಾಗೆ ಬರೆದರೆ ಜಲಾಶಯದ ಸಂಖ್ಯೆ ಬರೀ 71,535. ಅದು ಬೆಸ. ಅದರ ಭಾಜಕಗಳನ್ನು, ತನ್ನನ್ನು ಬಿಟ್ಟು, ಕೂಡಿಸಿದರೆ 49,425. ಕಡಿಮೆ ಬಿತ್ತು. ನ್ಯೂನ ಸಂಖ್ಯೆ! ಅದೇ ಕಟ್ಟೆ, ಅದೇ ನೀರು, ಒಂದು ಹನಿಯೂ ಹೆಚ್ಚುಕಡಿಮೆಯಿಲ್ಲ. ಘನ ಅಡಿಯಲ್ಲಿ ಬರೆದರೆ ಸಮೃದ್ಧ, ದಶಲಕ್ಷದಲ್ಲಿ ಬರೆದರೆ ಕೊರತೆ. ಘನ ಮೀಟರಿಗೆ ಹೋದರೆ ಇನ್ನೂ ಸೊಗಸು. ಒಂದು ಅಡಿ ಎಂದರೆ ಕರಾರುವಾಕ್ಕಾಗಿ 0.3048 ಮೀಟರ್, ಆ ಪ್ರಕಾರ 202 ಕೋಟಿ 56 ಲಕ್ಷ 45 ಸಾವಿರದ 620 ಘನ ಮೀಟರ್, ಮೇಲೆ ಒಂದಕ್ಕಿಂತ ಕಡಿಮೆಯ ಒಂದು ಚೂರು. ಅಲ್ಲಿ ಅದು ಪೂರ್ಣಾಂಕವೇ ಅಲ್ಲ, ನಿಕೊಮಾಕಸನ ಮೂರು ಗುಂಪಿನಲ್ಲಿ ಯಾವುದಕ್ಕೂ ಸೇರದು. ಟಿಎಂಸಿಯಲ್ಲೂ ಅಷ್ಟೇ.

ಅಂದರೆ ಸಮೃದ್ಧಿ ನೀರಿನ ಗುಣವಲ್ಲ. ಸಂಖ್ಯೆಯ ಗುಣ. ನೀರಿಗೆ ಆ ಸಂಖ್ಯೆಯನ್ನು ಅಂಟಿಸಿದ್ದು ಬ್ರಿಟಿಷರ ಅಡಿಕೋಲು. ಇದು ಗಣಿತದವರಿಗೆ ಹೊಸ ಸಂಗತಿಯೇನಲ್ಲ, ಆದರೆ ಊರಿನ ನೀರಿನಲ್ಲಿ ನೋಡಿದಾಗ ಬೇರೆ ಥರ ತಾಗುತ್ತದೆ. ಇದೇ ಅಳತೆಯ ಇನ್ನೊಂದು ಚೇಷ್ಟೆಯನ್ನೂ ನೋಡಿ. ತುಂಬಿದ ಜಲಾಶಯಕ್ಕೆ ಮಾವನ ಆ ಎರಡು ಕೊಡ ನೀರು ಸುರಿದೆವು ಎಂದುಕೊಳ್ಳೋಣ. ಸಂಖ್ಯೆ 71,53,50,00,001 ಆಯಿತು. ಹಿಂದಿನ ಸಂಖ್ಯೆಯ ಅಪವರ್ತನಗಳಾಗಿದ್ದ ಎರಡು, ಮೂರು, ಐದು, ಹತ್ತೊಂಬತ್ತು, ಇನ್ನೂರ ಐವತ್ತೊಂದು, ಇವುಗಳಲ್ಲಿ ಒಂದೂ ಇದನ್ನು ಭಾಗಿಸುವುದಿಲ್ಲ. ಪಕ್ಕಪಕ್ಕದ ಎರಡು ಪೂರ್ಣಾಂಕಗಳಿಗೆ ಒಂದನ್ನು ಬಿಟ್ಟು ಸಾಮಾನ್ಯ ಭಾಜಕವೇ ಇರುವುದಿಲ್ಲ. ಒಂದೇ ಬೀದಿಯ ಅಕ್ಕಪಕ್ಕದ ಮನೆಗಳು, ಒಬ್ಬರಿಗೊಬ್ಬರು ನೆಂಟರಲ್ಲ. ಏಳು, ಹನ್ನೊಂದು, ಹದಿಮೂರರಿಂದಲೂ ಅದು ಹೋಗುವುದಿಲ್ಲ. ಅವಿಭಾಜ್ಯ ಹೌದೋ ಅಲ್ಲವೋ ಎಂದು ಹಳೆಯ ಕ್ರಮದಲ್ಲಿ ಕೈಯಲ್ಲೇ ನೋಡಬೇಕಾದರೆ 2,67,460ರವರೆಗಿನ ಪ್ರತಿಯೊಂದು ಅವಿಭಾಜ್ಯದಿಂದಲೂ ಭಾಗಿಸಿ ನೋಡಬೇಕು. ಕಂಪ್ಯೂಟರಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸ. ಕಂಪ್ಯೂಟರಿಗೆ ಕೊಡಬಾರದು ಎಂದು ನಾನು ಹಟ ಹಿಡಿದಿದ್ದೇನೆ. ಕಾರಣ ಕೇಳಬೇಡಿ.

ಅಳತೆಗೆ ಸೇರಿದ ಗುಣ ಒಂದು, ಸಂಖ್ಯೆಗೆ ಸೇರಿದ ಗುಣ ಒಂದು. ಮೂರನೆಯದೂ ಇದೆ, ಬರೆಯುವ ಕ್ರಮಕ್ಕೆ ಸೇರಿದ್ದು. ನಾಸಿಕ್ ಬಳಿಯ ದೇವಲಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಡಿ.ಆರ್. ಕಪ್ರೇಕರ್ (1905-1986) ಅಂಥ ಗುಣಗಳ ರಸಿಕ. ತನ್ನದೇ ಅಂಕಿಗಳ ಮೊತ್ತದಿಂದ ಭಾಗವಾಗುವ ಸಂಖ್ಯೆಗೆ ಅವರು 'ಹರ್ಷದ' ಎಂದು ಹೆಸರಿಟ್ಟರು, ಹರ್ಷ ಕೊಡುವುದು ಎಂದು. 186ರ ಅಂಕಿಗಳ ಮೊತ್ತ 15, ಭಾಗವಾಗುವುದಿಲ್ಲ. ಡ್ಯಾಮಿನ ದೊಡ್ಡ ಸಂಖ್ಯೆಯ ಅಂಕಿಗಳ ಮೊತ್ತ 21, ಅಲ್ಲೂ ಇಲ್ಲ. ಆದರೆ 180ಕ್ಕೆ ಮೊತ್ತ 9, ಇಪ್ಪತ್ತು ಸಲ ಸರಿಯಾಗಿ ಹೋಗುತ್ತದೆ. ಕಪ್ರೇಕರ್ ಪ್ರಕಾರ ನಮ್ಮ ಜಲಾಶಯ ತುಂಬಿದಾಗಲ್ಲ, ಇನ್ನೂ ಆರಡಿ ಬಾಕಿ ಇರುವಾಗ ಹರ್ಷದ. ಇದು ಊರಿನವರ ಅನುಭವಕ್ಕೆ ದೂರವಲ್ಲ. 180 ದಾಟಿದ ಸುದ್ದಿ ಬಂದ ದಿನದ ಖುಷಿ ತುಂಬಿದ ದಿನ ಇರುವುದಿಲ್ಲ. ತುಂಬಿದ ದಿನ ಬಾಗಿನಕ್ಕೆ ಬಂದ ಕಾರುಗಳ ಗದ್ದಲ.

ಇಂಥ ಆಟದಲ್ಲಿ ನಮ್ಮವರೇ ಒಬ್ಬರು ಕಪ್ರೇಕರ್‌ಗಿಂತ ಸಾವಿರ ವರ್ಷ ಮುಂದೆ ಇದ್ದರು. ಒಂಬತ್ತನೆಯ ಶತಮಾನ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲ. 'ಕವಿರಾಜಮಾರ್ಗ' ಹುಟ್ಟಿದ ಆಸ್ಥಾನದ ಕಾಲದಲ್ಲೇ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. ಕನ್ನಡ ವಿದ್ಯಾರ್ಥಿಗಳಿಗೆ ಮೊದಲನೆಯದರ ಮೇಲೆ ಪ್ರಶ್ನೆ ಬರುತ್ತದೆ, ಎರಡನೆಯದರ ಹೆಸರೂ ಬರುವುದಿಲ್ಲ. ಗಣಿತದ ವಿದ್ಯಾರ್ಥಿಗಳಿಗೆ ಎರಡೂ ಬರುವುದಿಲ್ಲ. ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ ಅದು 1912ರಲ್ಲಿ ಮದ್ರಾಸಿನಲ್ಲಿ ಅಚ್ಚಾಯಿತು. ಪ್ರೊ. ಪದ್ಮಾವತಮ್ಮನವರ ಕನ್ನಡ ಅನುವಾದ ನಮ್ಮ ಪಕ್ಕದ ಜಿಲ್ಲೆಯ ಹೊಂಬುಜದಿಂದ ಪ್ರಕಟವಾಗಿದೆ. ಅದರಲ್ಲಿ ಏಕದಿಂದ ಶುರುವಾಗಿ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರಿದೆ. ಡ್ಯಾಮಿನ ಸಂಖ್ಯೆ ಹನ್ನೊಂದೇ ಸ್ಥಾನದ್ದು. ಅವರ ಕಣ್ಣಿಗೆ ಅದು ಸಣ್ಣ ಕೆರೆ.

ಗುಣಾಕಾರದ ಭಾಗದಲ್ಲಿ ಮಹಾವೀರಾಚಾರ್ಯರು ಕೆಲವು ಲೆಕ್ಕ ಕೊಡುತ್ತಾರೆ. 2,79,94,681ನ್ನು 441ರಿಂದ ಗುಣಿಸು ಎನ್ನುವುದು ಒಂದು. ನೋಡಲು ಸಪ್ಪೆ. ಮಾಡಿದರೆ ಉತ್ತರ 12345654321. ಒಂದರಿಂದ ಆರಕ್ಕೆ ಏರಿ, ಹಾಗೇ ಇಳಿಯುತ್ತದೆ. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು. ಹೀಗೆ ಎರಡೂ ಕಡೆಯಿಂದ ಒಂದೇ ಥರ ಓದಿಸಿಕೊಳ್ಳುವ ಉತ್ತರಗಳನ್ನು ಅವರು ಕೊರಳಿನ ಆಭರಣಕ್ಕೆ ಹೋಲಿಸುತ್ತಾರೆ. ಹಾರ ಎಂದರೆ ಹಾಗೇ ಅಲ್ಲವೇ, ಯಾವ ಕಡೆಯಿಂದ ಎಣಿಸಿದರೂ ಮಣಿಗಳು ಅದೇ ಕ್ರಮದಲ್ಲಿ ಬರಬೇಕು.

ಈ ಮೊದಲನೆಯ ಹಾರದ ಗಂಟನ್ನು ಬಿಚ್ಚಿ ನೋಡಿದ ದಿನ ನನಗೆ ರಾತ್ರಿ ಊಟ ಸೇರಲಿಲ್ಲ. 12345654321 ಎನ್ನುವುದು 111111ರ ವರ್ಗ. 111111ನ್ನು ಅಪವರ್ತಿಸಿದರೆ 3, 7, 11, 13, 37. ಅದರಿಂದ ಮೂರೇಳಲ ಇಪ್ಪತ್ತೊಂದನ್ನು ತೆಗೆದು ಬೇರೆ ಇಡಿ. 21ರ ವರ್ಗ 441. ಉಳಿದ 11, 13, 37ನ್ನು ಗುಣಿಸಿದರೆ 5291. ಅದರ ವರ್ಗ 2,79,94,681. ಲೆಕ್ಕವನ್ನು ಮುಂದಿನಿಂದ ಮಾಡಿದವರಿಗೆ ಇದು ಸಿಗುವುದಿಲ್ಲ. ಉತ್ತರವನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಂಡು, ಅದನ್ನು ಒಡೆದು, ಚೂರುಗಳನ್ನು ಎರಡು ಪೊಟ್ಟಣ ಮಾಡಿ, ಮಗುವಿನ ಕೈಗೆ ಕೊಟ್ಟು ಸೇರಿಸು ಎಂದಂತಿದೆ. ಪಾಠ ಮಾಡುವ ಪ್ರೀತಿ ಇಲ್ಲದವರು ಇಷ್ಟು ಕಷ್ಟಪಡುವುದಿಲ್ಲ ಎಂದು ನನ್ನ ನಂಬಿಕೆ. ಆದರೆ ಈ ಚೆಲುವು ಹತ್ತರ ಪದ್ಧತಿಗೆ ಅಂಟಿಕೊಂಡದ್ದು. ಅದೇ ಸಂಖ್ಯೆಯನ್ನು ಎಂಟರ ಪದ್ಧತಿಯಲ್ಲಿ ಬರೆದರೆ ಹಾರ ಚದುರಿ ಹೋಗುತ್ತದೆ. ಚದುರದೆ ಉಳಿಯುವುದು ಒಳಗಿನ 3, 7, 11, 13, 37 ಮಾತ್ರ. ಅದು ಯಾವ ಲಿಪಿಯಲ್ಲಿ ಬರೆದರೂ ಅವುಗಳ ವರ್ಗಗಳ ಗುಣಲಬ್ಧವೇ.

ಈ 7, 11, 13 ನಮ್ಮ ಮನೆಗಳಿಗೂ ಬಂದುಹೋಗುತ್ತವೆ, ನಾವು ಗಮನಿಸುವುದಿಲ್ಲ. ಮದುವೆಯಲ್ಲಿ ಮುಯ್ಯಿ ಹಾಕುವಾಗ ನೂರಕ್ಕೆ ಒಂದು, ಐನೂರಕ್ಕೆ ಒಂದು, ಸಾವಿರಕ್ಕೆ ಒಂದು ಸೇರಿಸುತ್ತೇವಲ್ಲ. ಸೊನ್ನೆಯಲ್ಲಿ ನಿಲ್ಲಬಾರದು, ಸುಲಭವಾಗಿ ಪಾಲಾಗಬಾರದು ಎಂದು ಹಿರಿಯರು ಹೇಳುತ್ತಾರೆ. 101 ಆ ಮಾತನ್ನು ಉಳಿಸಿಕೊಳ್ಳುತ್ತದೆ, ಅದು ಅವಿಭಾಜ್ಯ. 501 ಮೂರು ಪಾಲಾಗಿಬಿಡುತ್ತದೆ. 1001 ಎಂದರೆ ಸಾಕ್ಷಾತ್ ಏಳು ಹನ್ನೊಂದಲ ಹದಿಮೂರಲ. ಅದನ್ನು 111ರಿಂದ ಗುಣಿಸಿದರೆ ಮಹಾವೀರಾಚಾರ್ಯರ 111111. ನನ್ನ ಅಜ್ಜಿ ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಎನ್ನುತ್ತಿರಲಿಲ್ಲ, ಲಾಭ ಎನ್ನುತ್ತಿದ್ದರು. ಲಾಭ, ಎರಡು, ಮೂರು. ಒಂದು ಎನ್ನುವುದು ಬೇರೆ ಸಂಖ್ಯೆಗಳ ಥರದ್ದಲ್ಲ ಎಂದು ಅವರಿಗೆ ಗೊತ್ತಿತ್ತು. ಒಂದನ್ನು ಅವಿಭಾಜ್ಯವೆಂದು ಎಣಿಸಬಾರದು ಎಂಬುದರ ಮೇಲೆ ಗಣಿತದವರು ಒಮ್ಮತಕ್ಕೆ ಬರಲು ಬಹಳ ಕಾಲ ಹಿಡಿಯಿತು.

ನನ್ನ ಪ್ರಬಂಧದ ವಿಷಯಕ್ಕೆ ಬರುತ್ತೇನೆ, ಬೇಗ ಮುಗಿಸುತ್ತೇನೆ. ಒಂದು ಸಂಖ್ಯೆಯ ಭಾಜಕಗಳನ್ನು ಕೂಡಿಸಿದರೆ ಇನ್ನೊಂದು ಸಂಖ್ಯೆ ಬಂತಲ್ಲ, ಅದರ ಭಾಜಕಗಳನ್ನು ಕೂಡಿಸಿ. ಬಂದದ್ದಕ್ಕೆ ಮತ್ತೆ ಅದನ್ನೇ ಮಾಡಿ. ಹೀಗೆ ಹೊರಟ ಸರಣಿ ಎಲ್ಲಿಗೆ ಹೋಗುತ್ತದೆ? ಒಮ್ಮೆ ಸುಮ್ಮನೆ 186ರಿಂದ ಹೊರಟೆ. 198 ಬಂತು. ಆಮೇಲೆ 270, 450, 759. ಅಲ್ಲಿಂದ ಇಳಿಯತೊಡಗಿತು. 393, 135, 105, 87, 33, 15, 9, 4, 3, 1. ಕೊನೆಗೆ ಸೊನ್ನೆ. ಹದಿನೈದು ಹೆಜ್ಜೆಯಲ್ಲಿ ನಾಲ್ಕು ಹೆಜ್ಜೆ ತುಂಬಿ ಹನ್ನೊಂದು ಹೆಜ್ಜೆ ಬರಿದಾಯಿತು. ಜುಲೈನಿಂದ ಶುರುವಾಗಿ ಮೇ ತಿಂಗಳಿಗೆ ತಳ ಕಾಣುವ ನಮ್ಮ ಜಲಾಶಯದಂತೆಯೇ. ಬೇಸಿಗೆಯಲ್ಲಿ ನೀರಿಳಿದು ನಡುಗಡ್ಡೆಗಳು ಏಳುತ್ತವೆ, ಅವುಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆಯಿಡುತ್ತವೆ. ನೀರು ಕಡಿಮೆಯಾದರೇ ಅವಕ್ಕೆ ನೆಲ. ಈ ಊರಿನಲ್ಲಿ ಕೊರತೆಯನ್ನು ಕಾಯುವವರು ಅವು ಮಾತ್ರ.

ಎಲ್ಲ ಸರಣಿಗಳೂ ಹೀಗೆ ಎಲ್ಲೋ ಮುಗಿಯುತ್ತವೆ, ಇಲ್ಲವೇ ಸುತ್ತಿ ಸುತ್ತಿ ಅಲ್ಲಲ್ಲೇ ಬರುತ್ತವೆ ಎಂದು ಕ್ಯಾಟಲಾನ್ 1888ರಲ್ಲಿ ಊಹಿಸಿದ, ಡಿಕ್ಸನ್ 1913ರಲ್ಲಿ ತಿದ್ದಿದ. ಇಂದಿಗೂ ಸಾಧಿಸಿದವರಿಲ್ಲ. 276ರಿಂದ ಹೊರಟ ಸರಣಿ ಕಂಪ್ಯೂಟರುಗಳನ್ನು ಸುಸ್ತು ಮಾಡಿ ಇನ್ನೂ ಏರುತ್ತಿಳಿಯುತ್ತಾ ಇದೆ. ಅದು ಮುಗಿಯುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ನನ್ನ ಪ್ರಬಂಧ ಅದನ್ನು ಬಗೆಹರಿಸುವುದಿಲ್ಲ; ಅದರ ಮನೆಯ ಹಿತ್ತಿಲಲ್ಲಿ ಒಂದು ಸಣ್ಣ ಬೇಲಿ ಕಟ್ಟುತ್ತದೆ ಅಷ್ಟೇ.

2023ರಲ್ಲಿ ಮಳೆ ಕೈಕೊಟ್ಟಿತು. ಆ ವರ್ಷ ಊರಿನ ಬಾಯಲ್ಲಿ ನೂರ ಎಂಬತ್ತಾರು ಬರಲೇ ಇಲ್ಲ. ಬೇಸಿಗೆ ಬೆಳೆಗೆ ನೀರು ಬಿಡಬೇಕೋ ಬೇಡವೋ, ಬಿಟ್ಟರೆ ಎಷ್ಟು ದಿನ, ನಡುವೆ ಎಷ್ಟು ದಿನ ನಿಲ್ಲಿಸುವುದು, ಇದೆಲ್ಲ ಜನವರಿಯ ಹೊತ್ತಿಗೆ ನೀರಾವರಿ ಸಲಹಾ ಸಮಿತಿಯಲ್ಲಿ ತೀರ್ಮಾನವಾಗುವ ವಿಷಯ. ಮೇಲ್ಭಾಗದವರು, ಕೊನೆ ಭಾಗದವರು, ಭತ್ತದವರು, ಅಡಿಕೆಯವರು, ಕುಡಿಯುವ ನೀರಿನವರು ಎಲ್ಲರಿಗೂ ಒಂದೇ ಕಟ್ಟೆ. ಅಜ್ಜಂಪುರದ ಸುರಂಗದ ಮೂಲಕ ಚಿತ್ರದುರ್ಗದ ಕಡೆಗೆ ನೀರು ಒಯ್ಯುವ ಭದ್ರಾ ಮೇಲ್ದಂಡೆ ಯೋಜನೆಗೆ ಹಂಚಿಕೆಯಾಗಿರುವ 29.90 ಟಿಎಂಸಿಯೂ ಹೋಗಬೇಕಾದದ್ದು ಇಲ್ಲಿಂದಲೇ. ಅದಕ್ಕಾಗಿ ತುಂಗೆಯಿಂದ 17.40 ಟಿಎಂಸಿ ಎತ್ತಿ ಭದ್ರೆಗೆ ಹಾಕಬೇಕು ಎನ್ನುವುದೂ ಆ ಯೋಜನೆಯ ಒಳಗೇ ಇದೆ. ಭಾಜಕಗಳು 448 ಇದ್ದರೂ ಸಾಲದು.

ಡಿಸೆಂಬರ್ ಕೊನೆಯಲ್ಲಿ ಮಾವ ಫೋನ್ ಮಾಡಿದರು. ಈ ಸಲ ಒಳ್ಳೇದೋ ಕೆಟ್ಟದ್ದೋ ಎಂದು ಕೇಳಲಿಲ್ಲ. "ಸಸಿಮಡಿ ಹಾಕ್ಲಾ ಬ್ಯಾಡ್ವಾ, ಅಷ್ಟು ಹೇಳು" ಅಂದರು. ನಾಲ್ಕು ಎಕರೆ ಭತ್ತಕ್ಕೆ ಬೀಜ, ಉಳುಮೆ, ನಾಟಿಯ ಆಳು, ಗೊಬ್ಬರ ಎಲ್ಲ ಸಾಲದಲ್ಲಿ. ನೀರು ನಡುವೆ ನಿಂತರೆ ಸಾಲ ಉಳಿಯುತ್ತದೆ, ಹುಲ್ಲೂ ಉಳಿಯುವುದಿಲ್ಲ.

ಆ ಪ್ರಶ್ನೆಗೆ ನನ್ನ ಸಿದ್ಧಾಂತದಲ್ಲಿ ಉತ್ತರವಿರಲಿಲ್ಲ. ಏಳನೆಯ ತರಗತಿಯ ಲೆಕ್ಕದಲ್ಲಿ ಇತ್ತು. ನಾಲೆಯ ಹರಿವನ್ನು ಕ್ಯೂಸೆಕ್‌ನಲ್ಲಿ ಹೇಳುತ್ತಾರೆ, ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಹಾಗಾದರೆ ಒಂದು ಟಿಎಂಸಿ ಒಂದೇ ದಿನದಲ್ಲಿ ಖಾಲಿಯಾಗಲು ಎಷ್ಟು ಕ್ಯೂಸೆಕ್ ಹರಿಯಬೇಕು? ನೂರು ಕೋಟಿಯನ್ನು 86,400ರಿಂದ ಭಾಗಿಸಿದೆ. 11,574 ಬಂತು, ಬಿಂದುವಿನ ಆಚೆಗೆ 074074074 ಎಂದು ಮುಗಿಯದೆ ಹೋಗುತ್ತಿತ್ತು. ಕ್ಷಣ ಸುಮ್ಮನೆ ಕೂತೆ. 86,400ರ ಒಳಗೆ ಮೂರರ ಘನ, 27 ಇದೆ. ನೂರು ಕೋಟಿಯೊಳಗೆ ಮೂರು ಇಲ್ಲವೇ ಇಲ್ಲ. 27ನ್ನು ಯಾವುದರಿಂದ ಗುಣಿಸಿದರೆ 999 ಬರುತ್ತದೆಯೋ ಅದು 37. ಆ ಮೂರಂಕಿಯ ತಿರುಗಾಟಕ್ಕೆ ಅದೇ ಕಾರಣ. 074 ಎಂದರೆ ಎರಡು ಮೂವತ್ತೇಳು. ಮಹಾವೀರಾಚಾರ್ಯರ ಹಾರದಲ್ಲಿದ್ದ ಅದೇ ಮಣಿ, ಕೊನೆ ಭಾಗದ ನಾಲೆಯ ಲೆಕ್ಕದಲ್ಲಿ ಉರುಳುತ್ತಿತ್ತು. ಯಾರಿಗಾದರೂ ಹೇಳಬೇಕೆನ್ನಿಸಿತು. ಮಾವನಿಗೆ ಹೇಳುವ ಹೊತ್ತಲ್ಲ ಅದು.

ಅವರಿಗೆ ಬೇಕಾದದ್ದನ್ನು ಮಾತ್ರ ಹೇಳಿದೆ. ಉದಾಹರಣೆಗೆ ನಾಲೆಯಲ್ಲಿ 2,500 ಕ್ಯೂಸೆಕ್ ಹರಿಯುತ್ತದೆ ಎಂದುಕೊಳ್ಳಿ ಮಾವ. ಆಗ ಒಂದು ಟಿಎಂಸಿ ನಾಲ್ಕೂವರೆ ದಿನ ಚಿಲ್ಲರೆ ಬರುತ್ತದೆ. ಭತ್ತಕ್ಕೆ 120 ದಿನ ಬಿಡದೆ ಹರಿಸಿದರೆ ಹತ್ತಿರ ಹತ್ತಿರ 26 ಟಿಎಂಸಿ. ಪತ್ರಿಕೆಯಲ್ಲಿ ಬರುವ ಸಂಗ್ರಹದಲ್ಲಿ ಮೊದಲು ತಳದ ನೀರನ್ನು ಕಳೆಯಿರಿ, ಅದು ನಾಲೆಗೆ ಏರುವುದಿಲ್ಲ. ಕುಡಿಯುವ ನೀರಿಗೆ ಇಟ್ಟದ್ದನ್ನು ಕಳೆಯಿರಿ. ಬಿಸಿಲಿಗೆ ಆವಿಯಾಗುವುದು ಇದೆ, ದಾರಿಯಲ್ಲಿ ಇಂಗುವುದಿದೆ, ಪಂಪಿನಲ್ಲಿ ಎತ್ತುವುದಿದೆ. ಉಳಿದದ್ದನ್ನು ದಿನಕ್ಕೆ ಭಾಗಿಸಿ. ಅವರು ಆ ಕಡೆ ಮೊಮ್ಮಗನ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ನನಗೆ ಪೆನ್ಸಿಲ್ಲಿನ ಸದ್ದು ಕೇಳುತ್ತಿರಲಿಲ್ಲ, ಆದರೆ ನಡುನಡುವೆ "ತಡಿ, ತಡಿ" ಎನ್ನುವುದು ಕೇಳುತ್ತಿತ್ತು. ಕೊನೆಗೆ ಅವರೇ ಹೇಳಿದರು. "ತೋಟ ಉಳಿಸ್ಕಣಾಕೆ ಆದ್ರೆ ಆತು. ಗದ್ದೆಗಿಲ್ಲ."

ಸಸಿಮಡಿ ಹಾಕಲಿಲ್ಲ. ಅವರ ಬೀದಿಯಲ್ಲೇ ಹಾಕಿದವರೂ ಇದ್ದರು, ಕೊಳವೆಬಾವಿಯ ಧೈರ್ಯದ ಮೇಲೆ. ಮಾವನ ನಾಲ್ಕು ಎಕರೆ ಆ ಬೇಸಿಗೆ ಬರೀ ಕೂಳೆ ಹೊತ್ತು ಬಿದ್ದಿತ್ತು. ಯುಗಾದಿಗೆ ಬಂದಾಗ ಅವರು ತಂದ ಅಕ್ಕಿಯ ಚೀಲ ಅಂಗಡಿಯದು, ಅದರ ಮೇಲಿನ ಛಾಪನ್ನು ಅಮ್ಮ ನೋಡಿಯೂ ನೋಡದವರಂತೆ ಒಳಗೆ ತೆಗೆದುಕೊಂಡು ಹೋದರು. ನನಗೆ ಆ ದಿನ ಪ್ರಬಂಧದ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಊಟವಾದ ಮೇಲೆ ಮಾವನೇ ಕೇಳಿದರು, ಆ ಇನ್ನೂರ ಎಪ್ಪತ್ತಾರರ ಕತೆ ಏನಾಯ್ತು, ಮುಗೀತಾ ಎಂದು. ಇಲ್ಲ ಎಂದೆ.

ಮರುವರ್ಷ ಮಳೆ ಚೆನ್ನಾಗಿ ಬಂತು. ಈಗ ಅವರಿಗೆ ನಮ್ಮ ಫೋನ್ ಬೇಕಾಗಿಲ್ಲ. 11,574 ಎಂದು ಅಡಿಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಂಡಿದ್ದಾರೆ. ಒಳಹರಿವು ಇಷ್ಟು ಕ್ಯೂಸೆಕ್ ಎಂದು ಪತ್ರಿಕೆಯಲ್ಲಿ ನೋಡಿ, ಇವತ್ತು ಎಷ್ಟು ಟಿಎಂಸಿ ಬಂತು ಎಂದು ತಾವೇ ಭಾಗಿಸಿ ಊರಿನ ಕಟ್ಟೆಯ ಮೇಲೆ ಹೇಳುತ್ತಾರಂತೆ. ಕ್ಯಾಲೆಂಡರಿನಲ್ಲಿ ಬಿಂದುವಿನ ಆಚೆಯ 074 ಇಲ್ಲ. ಒಂದು ದಿನ ಅದನ್ನೂ ಹೇಳಬೇಕು.